ನಿದ್ರಾಹೀನತೆಯೋ, ನಿದ್ದೆಗೇಡೋ, ನಿದ್ದೆಬಾಕಿಯೋ?

ಗೆಳೆಯರೇ,

ಒಂದು ಪದ ಬೇಕಾಗಿದೆ. ದಿನಾ ಒಂದೆರಡು ಗಂಟೆ ನಿದ್ದೆ ಕಡಿಮೆಯಾದರೆ ಮಿದುಳು ಭಾವನೆಗಳನ್ನು ಹೇಗೆ ಸಂಭಾಳಿಸುತ್ತದೆ ಎಂಬ ಬಗ್ಗೆ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ತಡವರಿಸಿ ನಿಂತೆ. ಈ ಕಡಿಮೆ ನಿದ್ದೆಗೆ ಏನನ್ನೋಣ?

ಪತ್ರಿಕೆಗಳಲ್ಲಿ ಹೆಚ್ಚಾಗಿ ‘ನಿದ್ರಾಹೀನತೆ’ ಅಂತಲೇ ಬರುತ್ತದೆ. ನನಗದು ಒಪ್ಪಿಗೆಯಿಲ್ಲ. ಅದು ಮಲಗಿದರೂ ನಿದ್ದೆ ಬಾರದ ತೊಂದರೆ. ನಾನು ಹೇಳಹೊರಟಿದ್ದು ನಿದ್ದೆ ತೂಗಿ ಬರುತ್ತಿದ್ದರೂ ಮಲಗಲು ಬಿಡುವಿಲ್ಲದ ಸ್ಥಿತಿ. ಎರಡೂ ಬೇರೆ ಅಲ್ವಾ? ‘ನಿದ್ದೆಗೇಡು’ ಒಳ್ಳೆಯ ಪದವೇ. ಆದರೆ ‘ನಿದ್ದೆಗೆಟ್ಟು ಓದಿದ’ ಎಂದಾಗ ಕಣ್ಣಮುಂದೆ ಬರುವುದು ಒಂದಿಡೀ ರಾತ್ರಿ.

ಇದು ಸುಮ್ನೆ ಪದದ ಜಗ್ಗಾಟವಲ್ಲ. ಪ್ರಯೋಗಗಳೂ ಎರಡು ಬಗೆಯವು. 2007ರಲ್ಲಿ ಅಮೆರಿಕದ ಸಂಶೋಧಕರು ಸುಮಾರು 35 ಗಂಟೆ ಎಚ್ಚರವಿದ್ದವರಿಗೆ ಮನಸ್ಸು ಕದಡುವ ಚಿತ್ರಗಳನ್ನು ತೋರಿಸಿದರು. ಮಿದುಳಿನ ಆಳದಲ್ಲಿ ಬಾದಾಮಿಯಂತಿರುವ, ಭಯದಂಥ ಭಾವನೆಗಳಿಗೆ ಮಿಡಿಯುವ ಅಮಿಗ್ಡಲ ಎಂಬ ಭಾಗ, ಮಲಗಿ ಎದ್ದವರಿಗಿಂತ ಶೇ. 60ರಷ್ಟು ಜಾಸ್ತಿ ಕೆರಳಿತು. ಅದನ್ನು ಹದ್ದುಬಸ್ತಿನಲ್ಲಿಡುವ, ಹಣೆಯ ಹಿಂದಿನ ಭಾಗದ ಜೊತೆಗಿನ ನಂಟು ಸಡಿಲಾಗಿತ್ತು. 2013ರಲ್ಲಿ ಜಪಾನಿನಲ್ಲಿ ರಾತ್ರಿಗೆ 4 ಗಂಟೆಯಂತೆ 5 ದಿನ ಮಲಗಿಸಿ ನೋಡಿದರು. ಹೆದರಿದ ಮುಖಗಳನ್ನು ಕಂಡಾಗ ಅಮಿಗ್ಡಲ ಅಲ್ಲೂ ಕೆರಳಿತು. ಮೊದಲನೆಯದು ನಿದ್ದೆಗೇಡು, ಸರಿ. ಎರಡನೆಯದು?

ಈಚೆಗೆ ನಾನೂ ನಾಲ್ಕೈದು ರಾತ್ರಿ ಅರ್ಧಂಬರ್ಧ ಮಲಗಿದ್ದೆ. ಜೊತೆಗೆ ಕೆಲಸ ಮಾಡುವವರೊಬ್ಬರಿಂದ ‘ಸರಿ’ ಎಂಬ ಒಂದೇ ಪದದ ಮೆಸೇಜ್ ಬಂತು. ಎದೆ ಧಸಕ್ಕೆಂದಿತು. ಮುನಿಸಿಕೊಂಡಿದ್ದಾರೆ ಅಂದುಕೊಂಡು ಮೂರು ಸಲ ಓದಿದೆ. ಮರುದಿನ ತಡವಾಗಿ ಎದ್ದು ನೋಡಿದರೆ ಅದು ಬರೀ ‘ಸರಿ’. ಓದುಗರಿಗೆ ಇದು ತಮ್ಮದೇ ಕತೆ ಅನ್ನಿಸಬೇಕಾದರೆ ಕಾಯಿಲೆಯ ಹೆಸರಿಟ್ಟರೆ ಆಗದು.

ನನಗೆ ತೋಚಿದ್ದು ‘ನಿದ್ದೆಬಾಕಿ’. ಇವತ್ತಿನದು ನಾಳೆಗೆ ಸೇರುತ್ತಾ ಹೋಗುತ್ತದೆ ಎಂಬುದು ಆ ಪದದೊಳಗೇ ಇದೆ. ‘ನಿದ್ದೆಸಾಲ’ ಎಂದರೂ ಆದೀತು. ‘ನಿದ್ದೆ ಸಾಲದು’ ಎಂಬ ಮಾತೂ ಅದರಲ್ಲಿ ಕೇಳಿಸುವುದು ನನಗೆ ತುಂಬಾ ಇಷ್ಟ. ಆದರೆ ಸಾಲ ಕೇಳಿ ಪಡೆಯುವಂಥದ್ದು. ಬಾಕಿ ನಮಗೆ ಗೊತ್ತಾಗದಂತೆ ಬೆಳೆಯುತ್ತದೆ.

‘ಅರೆನಿದ್ದೆ’ ಬೇಡ. ಅದು ಆಗಲೇ ಮಂಪರಿಗೆ ಮೀಸಲಾಗಿದೆ.

ಕಣ್ತುಂಬ ನಿದ್ದೆ ಅನ್ನುತ್ತೇವಲ್ಲ, ಕಣ್ಣು ತುಂಬದ ನಿದ್ದೆಗೆ ನಿಮ್ಮ ಮನೆಮಾತಿನಲ್ಲಿ ಏನಾದರೂ ಪದ ಇದೆಯಾ?