ಸಹಾಯ ಬೇಕು: ಅಣ್ಣನ ಲ್ಯಾಪ್‌ಟಾಪಿಗೆ ವಿಂಡೋಸಾ, ಲಿನಕ್ಸಾ?

ಎಲ್ಲರಿಗೂ ನಮಸ್ಕಾರ. ನಾವು ಮಂಡ್ಯದವರು. ನಮ್ಮಣ್ಣನಿಗೆ ಕಣ್ಣು ಸ್ವಲ್ಪವೂ ಕಾಣುವುದಿಲ್ಲ. ಆರು ವರ್ಷದಿಂದ ವಿಂಡೋಸ್ 10ರಲ್ಲಿ ಎನ್‌ವಿಡಿಎ ಸ್ಕ್ರೀನ್ ರೀಡರ್ (ಪರದೆಯಲ್ಲಿ ಇರುವುದನ್ನು ಓದಿ ಹೇಳುವ ತಂತ್ರಾಂಶ) ಹಾಕಿಕೊಂಡು ಕೆಲಸ ಮಾಡುತ್ತಿದ್ದಾನೆ. ಪುಕ್ಕಟೆ ಸಿಗುತ್ತದೆ, ಚೆನ್ನಾಗಿಯೂ ಇದೆ. ಅದು ಓದುವ ವೇಗಕ್ಕೆ ನನಗೆ ಒಂದಕ್ಷರವೂ ತಿಳಿಯಲ್ಲ, ಅವನಿಗೆ ಅದೇ ನಿಧಾನವಂತೆ!

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗಿಯಿತಲ್ವಾ. ಈ ಲ್ಯಾಪ್‌ಟಾಪಿನಲ್ಲಿ ಟಿಪಿಎಂ 2.0 ಅನ್ನೋ ಭದ್ರತೆಯ ಚಿಪ್ ಇಲ್ಲ, ಹಾಗಾಗಿ 11 ಹಾಕಲು ಆಗಲಿಲ್ಲ. ಅಂಗಡಿಯ ಹುಡುಗ ವಿಂಡೋಸ್ 10ರ ಪಕ್ಕದಲ್ಲೇ ಉಬುಂಟು (ಲಿನಕ್ಸಿನ ಒಂದು ಬಗೆ) ಹಾಕಿಕೊಟ್ಟ. ಮನೆಗೆ ತಂದು ಆನ್ ಮಾಡಿದರೆ ಮಾತೇ ಇಲ್ಲ. ಅಣ್ಣ ಸುಮ್ನೆ ಕೀಬೋರ್ಡ್ ಸವರುತ್ತಾ ಕೂತಿದ್ದ. ಆಲ್ಟ್, ವಿಂಡೋಸ್ ಕೀ, ಎಸ್ ಮೂರನ್ನೂ ಒಟ್ಟಿಗೆ ಒತ್ತಿದರೆ ಉಬುಂಟುವಿನ ಸ್ಕ್ರೀನ್ ರೀಡರ್ ಓರ್ಕಾ ಶುರುವಾಗುತ್ತದೆ ಅಂತ ಆಮೇಲೆ ಗೊತ್ತಾಯಿತು.

ಕನ್ನಡ ಓದಲು ಇಸ್ಪೀಕ್ ಅನ್ನೋ ಕಂಪ್ಯೂಟರ್ ದನಿ ಇದೆ. ತಗಡು ಬಡಿದ ಹಾಗಿದ್ದರೂ ಓದುತ್ತದೆ. ಯೂನಿಕೋಡ್ ಅಲ್ಲದ ಹಳೇ ಫಾಂಟಿನ ಕಡತ ಬಂದರೆ ಮಾತ್ರ ಎನ್‌ವಿಡಿಎ, ಓರ್ಕಾ ಎರಡರಲ್ಲೂ ಗೋಳು.

ಮಂಡ್ಯ, ಮೈಸೂರು ಕಡೆ ಓರ್ಕಾವನ್ನು ದಿನಾ ಬಳಸುವವರು ಇದ್ದೀರಾ? ಲಿಬ್ರೆ ಆಫೀಸಿನಲ್ಲಿ ಪತ್ರ, ಲೆಕ್ಕದ ಹಾಳೆ ಸಲೀಸಾಗಿ ಆಗುತ್ತಾ? ಇಲ್ಲಾ ವಿಂಡೋಸ್ 11 ನಡೆಯುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವುದೇ ವಾಸಿನಾ? ಮ್ಯಾಕ್ ನಮ್ಮ ಕೈಗೆಟುಕಲ್ಲ. ಕಣ್ಣು ಕಾಣದವರೇ ಬಳಸಿ ನೋಡಿ ಹೇಳಿದರೆ ಜಾಸ್ತಿ ಉಪಕಾರ.