ಸ್ಟೋರಿಲೈನ್ ಸಿಮ್ಯುಲೇಶನ್: ಕನ್ನಡದಲ್ಲಿ ಸರಿಯಾಗಿ ಟೈಪ್ ಮಾಡಿದ್ರೂ 'ತಪ್ಪು ಉತ್ತರ' ಅಂತ ಬರ್ತಿದೆ

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಒಂದು ಸಹಕಾರ ಸಂಘದ ಸಿಬ್ಬಂದಿಗೆ ಅವರ ಹೊಸ ಸದಸ್ಯತ್ವ ತಂತ್ರಾಂಶ ಕಲಿಸೋ ಕೋರ್ಸ್ ಮಾಡ್ತಿದೀನಿ. ಸ್ಟೋರಿಲೈನ್ 360 ಅನ್ನೋ ಕೋರ್ಸ್ ತಯಾರಿಸೋ ತಂತ್ರಾಂಶದಲ್ಲಿ ಸ್ಕ್ರೀನ್ ರೆಕಾರ್ಡ್ ಮಾಡಿ, ಅದೇ ರೆಕಾರ್ಡಿಂಗ್‌ನಿಂದ ವ್ಯೂ (ಬರೀ ನೋಡೋದು), ಟ್ರೈ (ಸುಳಿವಿನ ಜೊತೆ ಮಾಡೋದು), ಟೆಸ್ಟ್ (ಸುಳಿವಿಲ್ಲದೆ ಮಾಡೋದು) ಮೂರೂ ಮೋಡ್‌ನ ಸ್ಲೈಡ್ ತೆಗೆದಿದೀನಿ. ಸ್ಕಾರ್ಮ್ 1.2 (ಕಲಿಕಾ ತಾಣಗಳು ಓದೋ ಮಾದರಿ) ಪ್ಯಾಕೇಜ್ ಮಾಡಿ ಮೂಡಲ್ ಅನ್ನೋ ಕಲಿಕಾ ತಾಣಕ್ಕೆ ಹಾಕಿಯಾಗಿದೆ.

ತೊಂದರೆ ಇರೋದು ಟೆಸ್ಟ್ ಮೋಡ್‌ನಲ್ಲಿ. 'ಊರು' ಅನ್ನೋ ಜಾಗದಲ್ಲಿ ಕೋಲಾರ ಅಂತ ಟೈಪ್ ಮಾಡ್ಬೇಕು. ಸಿಬ್ಬಂದಿ ಸರಿಯಾಗೇ ಮಾಡ್ತಾರೆ, ಆದ್ರೂ ತಪ್ಪು ಅಂತ ಬರುತ್ತೆ. ಸ್ಕ್ರೀನ್‌ಶಾಟ್ ಲಗತ್ತಿಸಿದೀನಿ ನೋಡಿ. ನನ್ನ ಮಷೀನ್‌ನಲ್ಲಿ ಮಾತ್ರ ಸರಿ ಬರುತ್ತೆ. 'ಮಾಲೂರು' ಕೊಟ್ಟಿರೋ ಸ್ಲೈಡ್‌ನಲ್ಲಿ ಯಾರಿಗೂ ತಕರಾರಿಲ್ಲ. ತಲೆ ಕೆಟ್ಟುಹೋಗಿದೆ.

ಹೊಯ್ಸಳ_ಹುಡುಗಿ
ಮೊದ್ಲು ಆ ಸ್ಕ್ರೀನ್‌ಶಾಟ್ ತೆಗೀರಿ ಸರ್! ಎರಡನೇ ಚಿತ್ರದಲ್ಲಿ ಯಾರದೋ ಆಧಾರ್ ಸಂಖ್ಯೆ ಪೂರ್ತಿ ಕಾಣ್ತಿದೆ. ಕೋರ್ಸ್‌ನಲ್ಲೂ ಅದೇ ಇದ್ರೆ ಅಲ್ಲೂ ಬದಲಾಯಿಸಿ. ಅಸಲಿ ಆಧಾರ್ ಸಂಖ್ಯೆ 0 ಅಥವಾ 1ರಿಂದ ಶುರುವಾಗಲ್ಲ. ಹಾಗಾಗಿ 0 ಇಂದ ಶುರುವಾಗೋ 12 ಅಂಕಿ ಹಾಕಿದ್ರೆ ಅದು ಯಾರದ್ದೂ ಆಗಿರಲ್ಲ, ನೋಡೋಕೂ ಅಸಲಿ ಥರಾನೇ ಇರುತ್ತೆ.

ಇನ್ನು ನಿಮ್ಮ ಪ್ರಶ್ನೆ. ಉತ್ತರದ ಕೊನೇಲಿ ಒಂದು ಸ್ಪೇಸ್ ಸೇರ್ಕೊಂಡಿದೆಯಾ ನೋಡಿ, ಸಾಮಾನ್ಯವಾಗಿ ಅದೇ ಕಾಟ ಕೊಡೋದು. ಬೇರೆ ಯಾವ ಊರುಗಳಿಗೆ ಹೀಗಾಗ್ತಿದೆ?

ತುಂಗಾತೀರ
ಚಿತ್ರ ತೆಗೆದೆ ಮೇಡಂ, ಥ್ಯಾಂಕ್ಸ್. ಸ್ಪೇಸ್ ಇಲ್ಲ, ನೋಡಿದೆ. ಕೋಲಾರ, ಬಂಗಾರಪೇಟೆ, ಶ್ರೀನಿವಾಸಪುರ ಮೂರೂ ಫೇಲ್. ಮಾಲೂರು, ಮುಳಬಾಗಿಲು ಪಾಸ್.

ಅಕ್ಷರಜೋಡಣೆ
ಪಟ್ಟಿಯಲ್ಲೇ ಉತ್ತರ ಇದೆ. ಫೇಲ್ ಆಗಿರೋ ಮೂರು ಊರಲ್ಲಿ ಕೋ, ಪೇ, ಶ್ರೀ ಇವೆ. ಇವೆಲ್ಲ ಪಕ್ಕದಲ್ಲಿ ದೀರ್ಘದ ಚಿಹ್ನೆ ಬರೋ ಅಕ್ಷರಗಳು. ಪಾಸ್ ಆದ ಎರಡರಲ್ಲಿ ಅದು ಇಲ್ಲ. ಮಾಲೂರಿನ 'ಮಾ', 'ಲೂ' ದೀರ್ಘಸ್ವರವೇ, ಆದ್ರೆ ಆ ಚಿಹ್ನೆ ಅಲ್ಲಿ ಬರಲ್ಲ.

ಯುನಿಕೋಡ್‌ನಲ್ಲಿ (ಅಕ್ಷರ, ಚಿಹ್ನೆಗಳಿಗೆ ಒಂದೊಂದು ಕೋಡ್ ಕೊಡೋ ವ್ಯವಸ್ಥೆ) 'ಕೋ' ಅನ್ನೋದನ್ನ ಎರಡು ರೀತಿ ಬರೀಬಹುದು. ಒಂದು, ಕ ಮತ್ತು ಓತ್ವದ ಇಡಿಯಾದ ಕೋಡ್. ಇನ್ನೊಂದು, ಕ, ಎತ್ವ, ಊತ್ವ, ದೀರ್ಘ ಅಂತ ಬಿಡಿಬಿಡಿಯಾಗಿ. ಕಣ್ಣಿಗೆ ಎರಡೂ ಒಂದೇ. ಬ್ರೌಸರ್ ಓಡಿಸೋ ಜಾವಾಸ್ಕ್ರಿಪ್ಟ್ ಭಾಷೆಯ ಸಾದಾ ಹೋಲಿಕೆಗೆ ಅವು ಬೇರೆ ಬೇರೆ ಪದ, ಯಾಕಂದ್ರೆ ಅದು ಕೋಡ್ ಮಾತ್ರ ನೋಡುತ್ತೆ. ಬ್ರೌಸರ್‌ನ ಕನ್ಸೋಲ್ ತೆಗೆದು ನಿಮ್ಮ ಉತ್ತರ ಪಟ್ಟಿಯ 'ಕೋಲಾರ' ಅಂಟಿಸಿ ಉದ್ದ (ಅಂದ್ರೆ ಎಷ್ಟು ಕೋಡ್ ಇವೆ) ಎಷ್ಟು ಕೇಳಿ. ಆಮೇಲೆ ಕೀಬೋರ್ಡ್‌ನಲ್ಲಿ ಟೈಪ್ ಮಾಡಿದ 'ಕೋಲಾರ'ದ ಉದ್ದ ಕೇಳಿ. 5 ಬರಬೇಕು. ಎಷ್ಟು ಬಂತು ಹೇಳಿ.

ಅಂದ್ಹಾಗೆ ಉತ್ತರ ಪಟ್ಟಿ ಎಲ್ಲಿಂದ ಬಂತು?

ತುಂಗಾತೀರ
ಟೈಪ್ ಮಾಡಿದ್ದು 5. ಪಟ್ಟಿಯದ್ದು 7!! ಪಟ್ಟಿ ಸಂಘದವರೇ ಎಕ್ಸೆಲ್‌ನಲ್ಲಿ ಕೊಟ್ಟಿದ್ದು. ಹಳೇ 'ನುಡಿ' ತಂತ್ರಾಂಶದ ಫೈಲ್‌ನಿಂದ ಯಾವುದೋ ಕನ್ವರ್ಟರ್ ಹಾಕಿ ಯುನಿಕೋಡ್ ಮಾಡಿದಾರಂತೆ.

ಅಕ್ಷರಜೋಡಣೆ
ಅಲ್ಲಿಗೆ ಸಿಕ್ತು. ಯುನಿಕೋಡ್‌ಗೆ ಮುಂಚಿನ ಹಳೇ ಆಸ್ಕಿ ಫಾಂಟ್‌ಗಳಲ್ಲಿ 'ಕೋ' ಬರೆಯೋಕೆ ಎತ್ವ, ಊತ್ವ, ದೀರ್ಘದ ತುಂಡುಗಳನ್ನ ಒಂದರ ಪಕ್ಕ ಒಂದು ಜೋಡಿಸ್ತಿದ್ರು. ಒಳ್ಳೇ ಕನ್ವರ್ಟರ್ ಆದ್ರೆ ಆ ತುಂಡುಗಳನ್ನ ಬೆಸೆದು ಒಂದು ಕೋಡ್ ಮಾಡುತ್ತೆ. ಅರೆಬರೆ ಕನ್ವರ್ಟರ್ ತುಂಡುಗಳನ್ನ ಹಾಗೇ ಬಿಡುತ್ತೆ. ನೀವು ಪರೀಕ್ಷೆ ಮಾಡುವಾಗ ಅದೇ ಎಕ್ಸೆಲ್‌ನಿಂದ ಕಾಪಿ ಮಾಡಿ ಅಂಟಿಸ್ತಿದ್ರಿ ಅನ್ಸುತ್ತೆ, ಅದಕ್ಕೇ ನಿಮ್ಮಲ್ಲಿ ಸರಿ ಬರ್ತಿತ್ತು. ಕಲಿಯೋರು ಬರೆದದ್ದು ಸರಿಯಾಗೇ ಇದೆ, ಕೆಟ್ಟಿರೋದು ಉತ್ತರದ ಕೀಲಿ.

ಸುಲಭದ ದಾರಿ: ಸ್ವೀಕಾರಾರ್ಹ ಉತ್ತರಗಳ ಪಟ್ಟಿಯನ್ನ ಅಳಿಸಿ, ನೀವೇ ಕೈಯಾರೆ ಟೈಪ್ ಮಾಡಿ.

ಆದ್ರೆ ಹೆಸರುಗಳಿದ್ರೆ ಅಷ್ಟಕ್ಕೆ ಮುಗಿಯಲ್ಲ. 'ಮಂಜುನಾಥ್' ಅಂತ ಅರ್ಧಾಕ್ಷರದಲ್ಲಿ ಮುಗಿಯೋ ಹೆಸರುಗಳ ಕೊನೆಗೆ ಕೆಲವು ಕೀಬೋರ್ಡ್ ತಂತ್ರಾಂಶಗಳು ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರ ಸೇರಿಸ್ತವೆ, ಕೆಲವು ಸೇರಿಸಲ್ಲ. ಅದಕ್ಕೆ ಜಾವಾಸ್ಕ್ರಿಪ್ಟ್ ಟ್ರಿಗರ್ (ಏನಾದ್ರೂ ನಡೆದಾಗ ತಾನೇ ಓಡೋ ಆದೇಶ) ಬೇಕು. ಕಲಿಯೋರು ಟೈಪ್ ಮಾಡಿದ್ದನ್ನ ಇಟ್ಕೊಂಡಿರೋ ವೇರಿಯಬಲ್ ತಗೊಂಡು ನಾರ್ಮಲೈಸ್ ಫಂಕ್ಷನ್‌ಗೆ ಎನ್‌ಎಫ್‌ಸಿ ಅಂತ ಕೊಟ್ಟು ಹಾಯಿಸಿ. ಬಿಡಿ ತುಂಡುಗಳೆಲ್ಲ ಬೆಸೆದುಕೊಳ್ತವೆ. ಎನ್‌ಎಫ್‌ಸಿ ಆ ಕಾಣದ ಅಕ್ಷರ ತೆಗೆಯಲ್ಲ, ಅದನ್ನ ರಿಪ್ಲೇಸ್ ಮಾಡಿ ತೆಗೀಬೇಕು. ಕೊನೆಗೆ ಟ್ರಿಮ್, ಹಿಂದೆ ಮುಂದಿನ ಸ್ಪೇಸ್ ಹೋಗೋಕೆ. ಇದನ್ನೆಲ್ಲ ಇನ್ನೊಂದು ವೇರಿಯಬಲ್‌ಗೆ ಹಾಕಿ, ಹೋಲಿಸೋಕೆ ಮಾತ್ರ ಬಳಸಿ. ಪರದೆ ಮೇಲೆ ತೋರಿಸಬೇಡಿ, 'ರಾಜ್‌ಕುಮಾರ್' ಅನ್ನೋದು ಒತ್ತಕ್ಷರ ಆಗಿ ಅಸಹ್ಯ ಕಾಣುತ್ತೆ.

ಒಂದು ಎಚ್ಚರ. ಮುಂದಿನ ಹೋಲಿಕೆಯನ್ನ 'ವೇರಿಯಬಲ್ ಬದಲಾದಾಗ' ಅನ್ನೋ ಟ್ರಿಗರ್‌ಗೆ ಕಟ್ಟಿದ್ರೆ, ಕಲಿಯೋರು ಅದೇ ತಪ್ಪು ಉತ್ತರ ಮತ್ತೆ ಕೊಟ್ಟಾಗ ವೇರಿಯಬಲ್ ಬದಲಾಗೋದೇ ಇಲ್ಲ. ಪರದೆ ಸುಮ್ನೆ ಕೂತ್ಬಿಡುತ್ತೆ. ಪ್ರತಿ ಸಲ ಒಂದೊಂದೇ ಏರೋ ಎಣಿಕೆಯ ವೇರಿಯಬಲ್ ಇಟ್ಟು ಅದಕ್ಕೆ ಕಟ್ಟಿ.

ಹೊಯ್ಸಳ_ಹುಡುಗಿ
ಹಾಗೆ ಮಾಡಿದ್ರೆ ಅಂಕ ಹೇಗೆ ಬರುತ್ತೆ? ಅಂಕ ಕೊಡೋ ಸ್ಟೋರಿಲೈನ್‌ನ ಸ್ವಂತ ಪ್ರಶ್ನೆಯನ್ನ ಪಕ್ಕಕ್ಕಿಟ್ಟ ಹಾಗಾಯ್ತಲ್ಲ.

ಅಕ್ಷರಜೋಡಣೆ
ಸ್ಲೈಡ್‌ನ ಹೊರಗೆ 'ಸರಿ', 'ತಪ್ಪು' ಅಂತ ಎರಡು ಆಕಾರ ಇಟ್ಟು, ಅವನ್ನ ಪಿಕ್ ಒನ್ (ಒಂದನ್ನ ಆರಿಸೋ) ಪ್ರಶ್ನೆ ಮಾಡಿ. ಹೋಲಿಕೆ ಹೊಂದಿದ್ರೆ 'ಸರಿ' ಆಕಾರವನ್ನ ಸೆಲೆಕ್ಟೆಡ್ ಸ್ಥಿತಿಗೆ ತಂದು, ಆಮೇಲೆ ಸಬ್ಮಿಟ್ ಟ್ರಿಗರ್. ಅಂಕ ರಿಸಲ್ಟ್ ಸ್ಲೈಡ್‌ಗೂ ಹೋಗುತ್ತೆ, ಮೂಡಲ್‌ಗೂ ಹೋಗುತ್ತೆ. ಹಳೇ ಉಪಾಯ.

ಬಯಲುಸೀಮೆ_ಮೇಷ್ಟ್ರು
ಇಷ್ಟೆಲ್ಲ ಸರ್ಕಸ್ ಯಾಕೆ ಅಂತ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅಸಲಿ ತಂತ್ರಾಂಶದಲ್ಲಿ ಊರಿನ ಹೆಸರು 'ಕೊಲಾರ' ಅಂತ ತಪ್ಪಾಗಿ ಹೊಡೆದ್ರೆ ಏನಾಗುತ್ತೆ? ಏನೂ ಆಗಲ್ಲ, ಕಣ್ಮುಚ್ಚಿ ಸೇವ್ ಮಾಡ್ಕೊಳ್ಳುತ್ತೆ ತಾನೇ? ಹಾಗಿದ್ಮೇಲೆ ಸಿಮ್ಯುಲೇಶನ್ ಯಾಕೆ ಬೈಬೇಕು? ಅಸಲಿ ತಂತ್ರಾಂಶ ಎಲ್ಲಿ ತಡೆಯುತ್ತೋ ಅಲ್ಲಿ ನಾವೂ ತಡೀಬೇಕು, ಅದು ಬಿಟ್ಟ ಕಡೆ ನಾವೂ ಬಿಡ್ಬೇಕು. ಸ್ಕ್ರೀನ್ ಫೋಟೋ ಎಷ್ಟೇ ಚೆನ್ನಾಗಿರಲಿ, ಇದು ತಪ್ಪಿದ್ರೆ ಕಲಿಯೋರಿಗೆ ಸುಳ್ಳು ಅಭ್ಯಾಸ ಆಗುತ್ತೆ.

ಆ ತಂತ್ರಾಂಶದಲ್ಲಿ ಬೇಕಂತಲೇ ತಪ್ಪು ತುಂಬಿ ನೋಡಿ. ಯಾವ ತಪ್ಪಿಗೆ ಯಾವ ಸಂದೇಶ ಬರುತ್ತೆ ಬರ್ಕೊಳ್ಳಿ. ಖಾಲಿ ಬಿಟ್ರೆ ತಡೆಯುತ್ತೆ. ಪಿನ್‌ಕೋಡ್ 6 ಅಂಕಿ ಇಲ್ಲದಿದ್ರೆ ತಡೆಯುತ್ತೆ. ಬ್ಯಾಂಕ್ ಶಾಖೆಯ ಐಎಫ್‌ಎಸ್‌ಸಿ ಕೋಡ್ 11 ಅಕ್ಷರ ಇಲ್ಲದಿದ್ರೆ, ಐದನೇದು ಸೊನ್ನೆ ಅಲ್ಲದಿದ್ರೆ ತಡೀಬಹುದು. ಸೊನ್ನೆ ಇರೋ ಜಾಗದಲ್ಲಿ ಇಂಗ್ಲಿಷ್ ಓ ಅಕ್ಷರ ಹೊಡೆಯೋದು ಎಲ್ಲ ಕಡೆ ನಡೆಯೋ ತಪ್ಪು. ಅದನ್ನ ಟೆಸ್ಟ್‌ನಲ್ಲಿಡಿ, ಅಸಲಿ ಸಂದೇಶದ ಮಾತನ್ನೇ ಹಾಕಿ. 'ಅಯ್ಯೋ, ಮತ್ತೊಮ್ಮೆ ಪ್ರಯತ್ನಿಸಿ' ಅನ್ನೋ ಚಿತ್ತಾರದ ಪೆಟ್ಟಿಗೆ ಬೇಡ. ಕಾಗುಣಿತ ಮುಖ್ಯ ಅಂದ್ರೆ ಅದನ್ನ ಬೇರೆ ಅಭ್ಯಾಸವಾಗಿ ಕೊಡಿ.

ಇನ್ನೊಂದು, ಸೇವ್ ಬಟನ್ ಒತ್ತೋದಷ್ಟೇ ಸರಿ ಅಂತ ಇಟ್ಟಿದೀರಾ? ಕೀಬೋರ್ಡ್‌ನಲ್ಲೂ ಸೇವ್ ಆಗೋದಾದ್ರೆ ಅದಕ್ಕೂ ಟ್ರಿಗರ್ ಕೊಡಿ. ವರ್ಷಗಟ್ಟಲೆ ಕೌಂಟರ್‌ನಲ್ಲಿ ಕೂತೋರು ಮೌಸ್ ಮುಟ್ಟೋದೇ ಕಮ್ಮಿ.

ಮಲಪ್ರಭಾ_ದಂಡಿ
ಮೇಷ್ಟ್ರ ಹೇಳಿದ್ದು ಖರೇ ಐತ್ರಿ. ಆದ್ರ ಕೀಬೋರ್ಡ್ ಅಂದ್ರ ಹುಷಾರ್ ಇರ್ರಿ. ನಾ ಟ್ಯಾಲಿಪ್ರೈಮ್ ಅನ್ನೂ ಲೆಕ್ಕದ ತಂತ್ರಾಂಶ ಕಲಿಸೂ ಕೋರ್ಸ್ ಮಾಡೀನಿ. ಟ್ಯಾಲಿ ಒಳಗ ಪೇಮೆಂಟ್ ವೋಚರ್‌ಗೆ ಎಫ್5. ಕಲಿಯಾವ್ರು ಎಫ್5 ಒತ್ತಿದ್ರ ಬ್ರೌಸರ್ ಇಡೀ ಪೇಜ್ ರಿಫ್ರೆಶ್ ಮಾಡಿಬಿಡತೈತಿ. ಸೇವ್ ಮಾಡಾಕ ಕಂಟ್ರೋಲ್ ಎ ಒತ್ತಿದ್ರ ಪೇಜ್ ಮ್ಯಾಲಿನ ಅಕ್ಷರ ಎಲ್ಲಾ ನೀಲಿ ಆಗಿ ಸೆಲೆಕ್ಟ್ ಆಗ್ತಾವು.

ಕೀ ಒತ್ತಿದಾಗ ಬರೂ ಕೀಡೌನ್ ಇವೆಂಟ್ ಹಿಡದು, ಬ್ರೌಸರ್ ತನ್ನ ಕೆಲಸ ಮಾಡದಂಗ ಪ್ರಿವೆಂಟ್ ಡೀಫಾಲ್ಟ್ ಹಾಕಿದ್ರ ಇವೆರಡೂ ನಿಲ್ತಾವು. ಆದ್ರ ಕೋರ್ಸ್ ಮೂಡಲ್‌ನ ಫ್ರೇಮ್ ಒಳಗ ಓಡತೈತಿ. ಫೋಕಸ್ (ಒತ್ತಿದ ಕೀ ಹೋಗಿ ಮುಟ್ಟೂ ಜಾಗ) ಹೊರಗಿನ ಪೇಜ್ ಮ್ಯಾಲ ಇದ್ರ ನಿಮ್ಮ ಕೋಡಿಗೆ ಆ ಕೀ ಸಿಗೂದs ಇಲ್ಲ. ಅದಕ್ಕ ಮೊದಲ ಸ್ಲೈಡಿನ್ಯಾಗ 'ಶುರು ಮಾಡ್ರಿ' ಅಂತ ದೊಡ್ಡ ಬಟನ್ ಇಡ್ರಿ, ಒಮ್ಮೆ ಒಳಗ ಕ್ಲಿಕ್ ಆತಂದ್ರ ಫೋಕಸ್ ಒಳಗ ಬರತೈತಿ. ಕಂಟ್ರೋಲ್ ಎನ್, ಕಂಟ್ರೋಲ್ ಡಬ್ಲ್ಯೂ ಕ್ರೋಮ್‌ನ ಟ್ಯಾಬ್ ಒಳಗ ತಡಿಯಾಕ ಬರೂದಿಲ್ರಿ. ಅಂಥಾ ಕೀ ಇದ್ರ ಆ ಹೆಜ್ಜಿ ವಿಡಿಯೋದಾಗ ತೋರಿಸಿ ಬಿಡ್ರಿ.

ತುಂಗಾತೀರ
ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಊರಿನ ಪಟ್ಟಿ ಮತ್ತೆ ಟೈಪ್ ಮಾಡಿದೆ, ಕೋಲಾರ ಪಾಸ್ ಆಯ್ತು. ಮೇಷ್ಟ್ರ ಮಾತು ಕೇಳಿ ಆ ತಂತ್ರಾಂಶದಲ್ಲಿ ತಪ್ಪು ತುಂಬಿ ನೋಡಿದೆ. ಹೆಸರು, ಊರು ಎರಡಕ್ಕೂ ಖಾಲಿ ಬಿಡಬಾರದು ಅನ್ನೋದು ಬಿಟ್ರೆ ಯಾವ ತಡೆಯೂ ಇಲ್ಲ! ಅಲ್ಲಿ ಈಗ ಖಾಲಿ ಅಲ್ಲದ್ದೆಲ್ಲ ಸರಿ. ಪಿನ್‌ಕೋಡ್‌ಗೆ ನಂಬರ್ ವೇರಿಯಬಲ್ ಹಾಕಿ 100000ದಿಂದ 999999ರ ಒಳಗೆ ಇದ್ರೆ ಸರಿ ಅಂತ ಕೊಟ್ಟೆ, ಜಾವಾಸ್ಕ್ರಿಪ್ಟ್ ಬೇಕಾಗ್ಲೇ ಇಲ್ಲ.

ಇನ್ನೊಂದೇ ಪ್ರಶ್ನೆ. ಕೆಲವು ಸ್ಲೈಡ್‌ನಲ್ಲಿ ಫಾರಂನ ಅಕ್ಷರ ಮಸುಕು ಮಸುಕು. ರೆಕಾರ್ಡ್ ಮಾಡಿದ್ದು ಲ್ಯಾಪ್‌ಟಾಪ್‌ನಲ್ಲಿ.

ಹೊಯ್ಸಳ_ಹುಡುಗಿ
ವಿಂಡೋಸ್ ಡಿಸ್‌ಪ್ಲೇ ಸ್ಕೇಲಿಂಗ್ 125 ಅಥವಾ 150 ಇರ್ಬೇಕು, 100ಕ್ಕೆ ತನ್ನಿ. ರೆಕಾರ್ಡ್ ಮಾಡೋ ಜಾಗ 1280×720 ಆದ್ರೆ ಸ್ಲೈಡ್ ಅಳತೆಯೂ ಅದೇ ಇರಲಿ, ಕುಗ್ಗಿಸಿದ್ರೆ ಒತ್ತಕ್ಷರಗಳೇ ಮೊದ್ಲು ಹಾಳಾಗೋದು. ಈಗಾಗಲೇ ರೆಕಾರ್ಡ್ ಆಗಿರೋದನ್ನ ಸರಿ ಮಾಡೋಕಾಗಲ್ಲ, ಆ ಸ್ಲೈಡ್‌ಗಳನ್ನ ಮತ್ತೆ ತೆಗೀರಿ. ಹೇಗೂ ಆಧಾರ್ ಸಂಖ್ಯೆ ಬದಲಾಯಿಸ್ಬೇಕಲ್ಲ.