ಆರು, ಏಳು, ಎಂಟನೇ ಕ್ಲಾಸಿನ ಮಕ್ಕಳು ಈಗ ಏನು ಕಲಿಯುತ್ತಿದ್ದಾರೆ? ಟೀಚರ್ ಜೊತೆ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ 18 ವರ್ಷದಿಂದ ಗಣಿತ, ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಸಂಕ್ರಾಂತಿಯಿಂದ ಯುಗಾದಿವರೆಗಿನ ಪಾಠಗಳ ಬಗ್ಗೆ ಏನೇ ಇದ್ದರೂ ಕೇಳಿ.

ಪ್ರಶ್ನೆ (ಏಳನೇ ಕ್ಲಾಸಿನ ಹುಡುಗನ ತಾಯಿ, ಮಂಡ್ಯ): ಮೇಡಂ, ಪರೀಕ್ಷೆ ಹತ್ತಿರ ಬಂತು. ಮಗನ ಗಣಿತದ ನೋಟ್ಸ್ ತೆಗೆದು ನೋಡಿದರೆ ಕೆಆರ್‌ಎಸ್ ನೀರಿನ ಮಟ್ಟ ಬರೆದುಕೊಂಡು ಬಂದಿದ್ದಾನೆ. ದಿನಾ ಪೇಪರ್ ನೋಡಿ ಬರೆಯಬೇಕಂತೆ. ಇದೂ ಒಂದು ಪಾಠವಾ?

ಉತ್ತರ: ಪಾಠವೇ ಅಕ್ಕ. ನಾನೂ ನನ್ನ ಕ್ಲಾಸಿನಲ್ಲಿ ಇದನ್ನೇ ಮಾಡಿಸುತ್ತೇನೆ. ಏಳರಲ್ಲಿ ಶೇಕಡಾ, ಅನುಪಾತ, ದಶಮಾಂಶ ಎಲ್ಲಾ ಬರುತ್ತೆ. ಆ ಲೆಕ್ಕಗಳಿಗೆ ನಮ್ಮ ಕಟ್ಟೆಗಿಂತ ಒಳ್ಳೆ ಉದಾಹರಣೆ ನನಗಂತೂ ಸಿಕ್ಕಿಲ್ಲ.

ಕಟ್ಟೆ ತುಂಬಿದಾಗ ಮಟ್ಟ 124.80 ಅಡಿ. ಇದು ಮಂಡ್ಯದ ಮಕ್ಕಳಿಗೆ ಬಾಯಿಪಾಠ. ಒಂದು ದಿನ ಬೋರ್ಡಿನ ಮೇಲೆ "ಇವತ್ತಿನ ಮಟ್ಟ 100 ಅಡಿ ಅಂದುಕೊಳ್ಳಿ, ಶೇಕಡಾ ಎಷ್ಟು?" ಅಂತ ಬರೆದೆ. ಎಲ್ಲರೂ ಭಾಗಿಸಿ 80 ಅಂದರು. ಲೆಕ್ಕ ಸರಿ. "ಹಾಗಾದರೆ ಕಟ್ಟೆಯಲ್ಲಿ ನೂರಕ್ಕೆ 80 ಪಾಲು ನೀರಿದೆಯಾ?" ಅಂತ ಕೇಳಿದೆ. "ಇದೆ ಮಿಸ್" ಅಂತ ಒಂದೇ ದನಿ.

ಬಿಸಿಯೂಟದ ಅಡುಗೆಮನೆಯಿಂದ ಒಂದು ಬಾಣಲೆ ತರಿಸಿದೆ. ಒಳಗೆ ಸ್ಕೇಲ್ ನಿಲ್ಲಿಸಿ, ಒಂದೊಂದೇ ಲೋಟ ನೀರು ಹಾಕಿಸಿದೆ. ಮೊದಲ ಲೋಟಕ್ಕೆ ನೀರು ಸರಸರ ಏರಿತು. ಆಮೇಲಿನ ಲೋಟಗಳಿಗೆ ಏರೋದು ಕಮ್ಮಿ ಆಗ್ತಾ ಬಂತು. ಕೊನೆಗೆ ಇಡೀ ಲೋಟ ಸುರಿದರೂ ಸ್ಕೇಲಿನಲ್ಲಿ ಎರಡು ಗೆರೆ ದಾಟಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ, ಸಾಮಾನ್ಯವಾಗಿ ಬಾಯೇ ಬಿಡದವನು, ಎದ್ದು ನಿಂತು ಹೇಳಿದ: "ಮಿಸ್, ಮೇಲಿನ ಒಂದಡಿ ಕೆಳಗಿನ ಒಂದಡಿಗಿಂತ ದೊಡ್ಡದು." ಅವತ್ತು ನನಗಾದ ಸಂತೋಷ ಹೇಳತೀರದು. ಕಟ್ಟೆಯೂ ಬಾಣಲೆ ಹಾಗೇ, ಮೇಲೆ ಹೋದಷ್ಟೂ ಅಗಲ. ನಿಜವಾಗಿಯೂ 100 ಅಡಿ ಇದ್ದಾಗ ಕಟ್ಟೆಯಲ್ಲಿ ಅರ್ಧದಷ್ಟೂ ನೀರಿರಲ್ಲ. ತುಂಬಿದಾಗ ಸುಮಾರು 49.45 ಟಿಎಂಸಿ.

ಎಂಟನೇ ಕ್ಲಾಸಿನವರಿಗೆ ಇನ್ನೊಂದು ಹೆಜ್ಜೆ ಮುಂದೆ. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಹಾಗಿದ್ದರೆ ಒಂದೇ ದಿನದಲ್ಲಿ ಒಂದು ಟಿಎಂಸಿ ಹೋಗಬೇಕಾದರೆ ಎಷ್ಟು ಕ್ಯೂಸೆಕ್ ಬಿಡಬೇಕು? ಮಕ್ಕಳೇ ಭಾಗಿಸಿ 11,574 ಅಂತ ಹೇಳಿದರು. ಈಗ ಟಿವಿಯಲ್ಲಿ ಕಾವೇರಿ ಸುದ್ದಿ ಬಂದರೆ ಅವರೇ ಮನೆಯವರಿಗೆ ಬಿಡಿಸಿ ಹೇಳುತ್ತಾರಂತೆ. ಪೋರ್ಷನ್ ಬಗ್ಗೆ ಚಿಂತೆ ಬೇಡ ಅಕ್ಕ, ಇದೇ ಪೋರ್ಷನ್.

ಪ್ರಶ್ನೆ (ಪಾಂಡವಪುರ, ಆಲೆಮನೆ ನಡೆಸುವವರು): ಮೇಡಂ, ಮಗಳು ಆರನೇ ಕ್ಲಾಸ್. ಆಲೆಮನೆಗೆ ಬಂದು ಕೊಪ್ಪರಿಗೆ ಮುಂದೆ ನಿಂತುಬಿಡ್ತಾಳೆ. ಅಲ್ಲಿಂದ ವಿಜ್ಞಾನ ಏನಾದ್ರೂ ಹೇಳಿಕೊಡಬಹುದಾ? ನಾನು ಓದಿರೋದು ಎಸ್ಸೆಸ್ಸೆಲ್ಸಿವರೆಗೆ ಮಾತ್ರ.

ಉತ್ತರ: ಅಣ್ಣ, ನಿಮ್ಮ ಆಲೆಮನೆಯಲ್ಲಿ ಇರುವಷ್ಟು ವಿಜ್ಞಾನ ನಮ್ಮ ಸ್ಕೂಲಿನ ಬೀರುವಿನಲ್ಲಿ ಇಲ್ಲ. ಕಬ್ಬಿನ ಹಾಲು ಕುದಿದು ನೀರು ಆವಿಯಾಗೋದು ಭೌತ ಬದಲಾವಣೆ. ತಳ ಹಿಡಿದು ಸೀದರೆ ಅದು ರಾಸಾಯನಿಕ ಬದಲಾವಣೆ, ಮತ್ತೆ ಹಿಂದಕ್ಕೆ ಬರಲ್ಲ. ಕಬ್ಬಿನ ಹಾಲು ಸ್ವಲ್ಪ ಆಮ್ಲೀಯ. ನೀವು ಹಾಕುವ ಸುಣ್ಣ ಪ್ರತ್ಯಾಮ್ಲ. ಎರಡೂ ಸೇರಿ ಹುಳಿ ಅಡಗುತ್ತೆ, ಕೊಳೆ ಮೇಲೆ ಬಂದು ನಿಲ್ಲುತ್ತೆ. ಬೆಂಡೆ ಗಿಡದ ಲೋಳೆ ಹಾಕೋದೂ ಆ ಕೊಳೆಯನ್ನು ಹಿಡಿದು ಮೇಲಕ್ಕೆ ತರೋಕೆ.

ಮನೆಯಲ್ಲಿ ಒಂದು ಮಾಡಿಸಿ. ಆರತಿ ತಟ್ಟೆಗೆ ಅರಿಶಿನದ ನೀರಿಗೆ ಸುಣ್ಣ ಬೆರೆಸಿದರೆ ಕೆಂಪಾಗುತ್ತೆ ಅಲ್ವಾ? ಅದಕ್ಕೆ ನಿಂಬೆರಸ ಹನಿ ಹನಿಯಾಗಿ ಬಿಡಿ. ಮತ್ತೆ ಹಳದಿಗೆ ತಿರುಗುತ್ತೆ. ಆಮ್ಲವೋ ಪ್ರತ್ಯಾಮ್ಲವೋ ಅಂತ ಬಣ್ಣದಿಂದ ತೋರಿಸೋದಕ್ಕೆ ಸೂಚಕ ಅಂತಾರೆ. ಅಜ್ಜಿಯಂದಿರು ತಲೆತಲಾಂತರದಿಂದ ಮಾಡಿದ್ದು ಇದೇ ಸೂಚಕದ ಪ್ರಯೋಗ. ಮಗಳಿಗೆ ಕಾರಣ ಮೊದಲೇ ಹೇಳಬೇಡಿ, ಅವಳೇ ಕೇಳಲಿ. ಕುದಿಯುವ ಕೊಪ್ಪರಿಗೆಯಿಂದ ಮಾತ್ರ ಮಾರುದೂರ ನಿಲ್ಲಿಸಿ.

ಪ್ರಶ್ನೆ (ಎಂಟನೇ ಕ್ಲಾಸಿನ ಹುಡುಗಿಯ ತಾಯಿ, ಮೈಸೂರು): ಮೇಡಂ, ಹದಿಹರೆಯದ ಪಾಠವನ್ನು ಹುಡುಗ ಹುಡುಗಿಯರಿಗೆ ಒಟ್ಟಿಗೇ ಮಾಡುತ್ತಾರಂತೆ. ಮಗಳು ಮುಜುಗರ ಅಂತಾಳೆ. ಬೇರೆ ಬೇರೆ ಮಾಡಿ ಅಂತ ಸ್ಕೂಲಿಗೆ ಹೇಳಲಾ?

ಉತ್ತರ: ದಯವಿಟ್ಟು ಬೇಡ ಅಕ್ಕ. ಮುಜುಗರ ಮೊದಲ ಹತ್ತು ನಿಮಿಷ ಇರುತ್ತೆ, ನನಗೂ ಇತ್ತು. ಹುಡುಗರ ದನಿ ಯಾಕೆ ಒಡೆಯುತ್ತೆ ಅನ್ನೋದರಿಂದ ಶುರು ಮಾಡಿದರೆ ಎಲ್ಲರೂ ಸರಾಗವಾಗುತ್ತಾರೆ. ಮುಟ್ಟಿನ ಬಗ್ಗೆ ಹುಡುಗರಿಗೂ ಗೊತ್ತಿರಬೇಕು. ಗೊತ್ತಿದ್ದವರು ಹಂಗಿಸಲ್ಲ.

ಈ ಪಾಠದಲ್ಲಿ ಒಂದು ಮಾತಿದೆ. ಮಗು ಗಂಡೋ ಹೆಣ್ಣೋ ಅನ್ನೋದು ತಂದೆಯ ವರ್ಣತಂತುವಿನಿಂದ ತೀರ್ಮಾನವಾಗುತ್ತೆ, ತಾಯಿಯಿಂದ ಅಲ್ಲ. ಇದನ್ನು ಬೋರ್ಡಿನಲ್ಲಿ ಚಿತ್ರ ಬರೆದು ತೋರಿಸಿದ ದಿನ ಒಬ್ಬಳು ಹುಡುಗಿ ಕ್ಲಾಸ್ ಮುಗಿದ ಮೇಲೂ ಹೋಗದೆ ನಿಂತಿದ್ದಳು. ಮನೆಯಲ್ಲಿ ಮೂವರೂ ಹೆಣ್ಣು. ಅಜ್ಜಿ ದಿನಾ ಅಮ್ಮನನ್ನು ಬೈತಾರೆ. "ಮಿಸ್, ಈ ಚಿತ್ರ ನಾನು ಬರ್ಕೊಂಡು ಹೋಗ್ಲಾ?" ಅಂದಳು. ಬರೆದುಕೊಂಡಳು. ಬಾಣದ ಗುರುತುಗಳಿಗೆ ಕೆಂಪು ಪೆನ್ ಕೇಳಿ ಇಸ್ಕೊಂಡಳು. ಭ್ರೂಣಹತ್ಯೆಯ ಸುದ್ದಿ ಬರುವ ಜಿಲ್ಲೆಯಲ್ಲಿ ಪಾಠ ಮಾಡುವವಳಾಗಿ ಹೇಳುತ್ತೇನೆ, ವರ್ಷದಲ್ಲಿ ಯಾವ ಪಾಠ ಬಿಟ್ಟರೂ ಇದನ್ನು ನಾನು ಬಿಡಲ್ಲ.

ಸ್ಕೂಲಿನಲ್ಲಿ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ಊಟ ಆದ ಮೇಲೆ ನುಂಗಲು ಹೇಳಿ. ಮಲ ಕಪ್ಪಗಾದರೆ ಗಾಬರಿ ಬೇಡ, ಆ ಮಾತ್ರೆಗೆ ಹಾಗೇ ಆಗುತ್ತೆ.

ಪ್ರಶ್ನೆ (ಮದ್ದೂರು): ಸಮಾಜ ವಿಜ್ಞಾನ ಅಂದರೆ ನನ್ನ ಮಗನಿಗೆ ಇಸವಿ ಉರು ಹೊಡೆಯೋದು ಅಷ್ಟೇ. ಭಾಷೆಗಳದ್ದೂ ಸ್ವಲ್ಪ ಹೇಳಿ.

ಉತ್ತರ: ಅಣ್ಣ, ನೀವು ಇರೋದೇ ಮದ್ದೂರಿನಲ್ಲಿ! ಸ್ವಾತಂತ್ರ್ಯ ಹೋರಾಟದ ಪಾಠ ಬಂದಾಗ ಮಗನನ್ನು ಶಿವಪುರದ ಸತ್ಯಾಗ್ರಹ ಸೌಧಕ್ಕೆ ಕರ್ಕೊಂಡು ಹೋಗಿ. 1938ರ ಏಪ್ರಿಲ್‌ನಲ್ಲಿ ನಿಷೇಧ ಮೀರಿ ಬಾವುಟ ಹಾರಿಸಿದ್ದು ಅಲ್ಲೇ. ಆಗ ಮಂಡ್ಯ ಜಿಲ್ಲೆಯೇ ಇರಲಿಲ್ಲ, ಮೈಸೂರು ಜಿಲ್ಲೆಗೆ ಸೇರಿತ್ತು. ಬೇರೆ ಜಿಲ್ಲೆಯಾಗಿದ್ದು ಮರುವರ್ಷ, 1939ರಲ್ಲಿ. ಈ ಜಾಗ ಕಣ್ಣಾರೆ ನೋಡಿದವನು ಆ ಎರಡು ಇಸವಿ ಮರೆಯಲ್ಲ.

ಕನ್ನಡದಲ್ಲಿ ಸಂಧಿ, ಸಮಾಸ, ಗಾದೆ ವಿಸ್ತರಣೆ, ಪತ್ರ. ಸಂಧಿಯನ್ನು ಹೆಸರಿನಿಂದ ಶುರು ಮಾಡಬೇಡಿ. ಮಳೆ, ಕಾಲ ಎರಡೂ ಸೇರಿದರೆ ಬಾಯಲ್ಲಿ ಏನು ಬರುತ್ತೆ ಅಂತ ಕೇಳಿ. "ಮಳೆಗಾಲ" ಅಂತಾನೆ. ಕ ಹೋಗಿ ಗ ಬಂತು, ಅದೇ ಆದೇಶ ಸಂಧಿ. ಇಂಗ್ಲಿಷ್, ಹಿಂದಿಗೆ ದಿನಾ ಕಾಲು ಗಂಟೆ ಗಟ್ಟಿಯಾಗಿ ಓದಿಸಿ, ಸದ್ಯಕ್ಕೆ ಸಾಕು.

ಪ್ರಶ್ನೆ (ಮೊದಲು ಕೇಳಿದ ತಾಯಿ): ತುಂಬಾ ಥ್ಯಾಂಕ್ಸ್ ಮೇಡಂ. ಪರೀಕ್ಷೆ ಮುಗಿದ ಮೇಲೆ ರಜೆಯಲ್ಲಿ ಸುಮ್ನೆ ಮೊಬೈಲ್ ಹಿಡಿದು ಕೂರ್ತಾನೆ. ಏನು ಮಾಡಿಸಲಿ?

ಉತ್ತರ: ಒಂದು ಬೆಳಗ್ಗೆ ಕೊಕ್ಕರೆ ಬೆಳ್ಳೂರಿಗೆ ಕರ್ಕೊಂಡು ಹೋಗಿ ಅಕ್ಕ. ಹೆಜ್ಜಾರ್ಲೆಗಳು (ಪೆಲಿಕನ್ ಹಕ್ಕಿಗಳು) ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ, ಮನೆ ಜಗಲಿಯಿಂದಲೇ ಕಾಣುತ್ತವೆ. ಒಂದು ಮರ ಆರಿಸಿಕೊಂಡು ಗೂಡು ಎಣಿಸಲಿ, ಮರಿ ಎಷ್ಟು, ದೊಡ್ಡವು ಎಷ್ಟು ಅಂತ ಬರೆದುಕೊಳ್ಳಲಿ. ಮನೆಗೆ ಬಂದು ಕಂಬ ನಕ್ಷೆ ಬರೆದರೆ ಗಣಿತವೂ ಆಯಿತು. ಬಿಸಿಲೇರುವ ಮುಂಚೆ ತಲುಪಿ. ಮರದ ಕೆಳಗೇ ನಿಲ್ಲಿಸಬೇಡಿ, ಮೇಲಿನಿಂದ ಹಿಕ್ಕೆ ಬೀಳುತ್ತಲೇ ಇರುತ್ತೆ. ನೋಟ್ ಪುಸ್ತಕ, ಪೆನ್ಸಿಲ್, ನೀರಿನ ಬಾಟ್ಲಿ ಇದ್ದರೆ ಸಾಕು.